ರಕ್ತದೊತ್ತಡದ ಗುಳಿಗೆಯೂ ಕೊರೋನಾ ಸೋಂಕೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಉಪನ್ಯಾಸದ ಪಾಠ)



ಸಂಘದ ವಾರ್ಷಿಕೋತ್ಸವವೆಂದರೆ ಸಾಹಿತ್ಯ, ಭಾಷೆ, ಯಕ್ಷಗಾನ ಇವುಗಳ ವಿಷಯವಾಗಿ ನಾಲ್ಕು ಮಾತು ಕೇಳಿ ಸಂತೋಷಪಡುವ ಸಂದರ್ಭ. ಇಂಥ ವೇದಿಕೆಯಲ್ಲಿ ರಕ್ತದೊತ್ತಡದ ಗುಳಿಗೆಯ ವಿಷಯವನ್ನು ಎತ್ತಿಕೊಂಡಿರುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಮನೆಯ ಹಿರಿಯರ ತಲೆದಿಂಬಿನ ಬಳಿ ಈ ಗುಳಿಗೆಯ ಪೊಟ್ಟಣವೊಂದು ಇಲ್ಲದ ಮನೆ ಈಗ ಅಪರೂಪವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಜಗತ್ತಿನಲ್ಲಿ ೩೦ರಿಂದ ೭೯ ವರ್ಷದೊಳಗಿನ ೧೨೮ ಕೋಟಿ ಜನರಿಗೆ ಅಧಿಕ ರಕ್ತದೊತ್ತಡವಿತ್ತು. ಇಷ್ಟು ಜನರಲ್ಲಿ ಅನೇಕರು ಯಾವ ಗುಳಿಗೆಯನ್ನು ನಂಬಿದ್ದರೋ ಆ ಗುಳಿಗೆಯ ಮೇಲೆಯೇ ೨೦೨೦ರ ಮಾರ್ಚ್ ತಿಂಗಳಲ್ಲಿ ಒಂದು ಸಂಶಯ ಬಂದಿತು. "ಪ್ರೆಶರಿನ ಗುಳಿಗೆ ತೆಗೆದುಕೊಳ್ಳುವವರನ್ನು ಕೊರೋನಾ ಬೇಗನೆ ಹಿಡಿಯುತ್ತದಂತೆ, ನಿಲ್ಲಿಸಿಬಿಡುವುದು ಒಳ್ಳೆಯದಂತೆ" ಎಂಬ ಮಾತು ದೇಶದೇಶಗಳಲ್ಲಿ ಹರಡಿತು. ಈ ಸಂಶಯ ಎಲ್ಲಿಂದ ಹುಟ್ಟಿತು, ಅದನ್ನು ಹೇಗೆ ಪರೀಕ್ಷಿಸಿದರು, ಕೊನೆಗೆ ತಿಳಿದುಬಂದುದೇನು, ಅದರಿಂದ ನಾವು ಕಲಿಯತಕ್ಕುದೇನು ಎಂಬುದನ್ನು ಯಥಾಶಕ್ತಿ ತಮ್ಮ ಮುಂದಿಡಬೇಕೆಂದು ನನ್ನ ಉದ್ದೇಶ.

ಮೊದಲು ನಮ್ಮ ದೇಹದೊಳಗಿನ ವ್ಯವಸ್ಥೆಯನ್ನು ಸ್ವಲ್ಪ ನೋಡೋಣ. ತೋಟಕ್ಕೆ ಪೈಪಿನಿಂದ ನೀರು ಬಿಡುವಾಗ ಪೈಪಿನ ಬಾಯನ್ನು ಬೆರಳಿನಿಂದ ಅದುಮಿದರೆ ಒಳಗಿನ ಒತ್ತಡ ಹೆಚ್ಚುತ್ತದೆ. ಬೆರಳು ಸಡಿಲಿಸಿದರೆ ಇಳಿಯುತ್ತದೆ. ನಮ್ಮ ರಕ್ತನಾಳಗಳ ಸ್ಥಿತಿಯೂ ಹೆಚ್ಚುಕಡಿಮೆ ಇದೇ. ಅವನ್ನು ಅದುಮುವ ಬೆರಳು, ಸಡಿಲಿಸುವ ಬೆರಳು, ಎರಡೂ ದೇಹದಲ್ಲಿಯೇ ಉಂಟು. ಅವುಗಳಲ್ಲಿ ಮುಖ್ಯವಾದುವು ರಕ್ತದಲ್ಲಿ ಸಂಚರಿಸುವ ಕೆಲವು ಹಾರ್ಮೋನುಗಳು.

ಈ ಶೋಧದ ಕಥೆ ೧೮೯೮ರಲ್ಲಿ ಆರಂಭವಾಗುತ್ತದೆ. ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ ರಾಬರ್ಟ್ ಟೀಗರ್‌ಸ್ಟೆಡ್ಟ್ ಎಂಬ ವಿಜ್ಞಾನಿಯೂ ಅವರ ಶಿಷ್ಯ ಬರ್ಗ್‌ಮನ್ ಎಂಬವರೂ ಮೊಲದ ಮೂತ್ರಪಿಂಡವನ್ನು ಅರೆದು ತೆಗೆದ ರಸವನ್ನು ಮತ್ತೊಂದು ಮೊಲಕ್ಕೆ ಚುಚ್ಚಿದಾಗ ಅದರ ರಕ್ತದೊತ್ತಡ ಏರಿದುದನ್ನು ಕಂಡರು. ಆ ರಸದಲ್ಲಿದ್ದ ವಸ್ತುವಿಗೆ ರೆನಿನ್ ಎಂದು ಹೆಸರಿಟ್ಟರು. ಬಹುಕಾಲ ಇದನ್ನು ಯಾರೂ ಲೆಕ್ಕಿಸಲಿಲ್ಲ. ೧೯೩೪ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ ಅವರು ನಾಯಿಯ ಮೂತ್ರಪಿಂಡಕ್ಕೆ ರಕ್ತ ಒಯ್ಯುವ ನಾಳವನ್ನು ಬಿಗಿದಾಗ ರಕ್ತದೊತ್ತಡ ಏರಿ ನಿಂತಿತು. ಮೂತ್ರಪಿಂಡವು ಕೇವಲ ಮೂತ್ರವನ್ನು ಸೋಸುವ ಅಂಗವಲ್ಲ, ರಕ್ತದೊತ್ತಡವನ್ನು ಕಾಯುವ ಕಾವಲುಗಾರನೂ ಹೌದು ಎಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಅನಂತರದ ಶೋಧಗಳಿಂದ ತಿಳಿದುಬಂದ ಕ್ರಮ ಹೀಗಿದೆ. ರಕ್ತದೊತ್ತಡ ಇಳಿದಾಗ ಮೂತ್ರಪಿಂಡವು ರೆನಿನನ್ನು ರಕ್ತಕ್ಕೆ ಬಿಡುತ್ತದೆ. ಪಿತ್ತಜನಕಾಂಗದಲ್ಲಿ ಹುಟ್ಟಿ ರಕ್ತದಲ್ಲಿ ಸುಮ್ಮನೆ ತೇಲುತ್ತಿರುವ ಒಂದು ದೊಡ್ಡ ಪ್ರೋಟೀನನ್ನು ಈ ರೆನಿನ್ ಕತ್ತರಿಸಿ, ಹತ್ತು ಕೊಂಡಿಗಳ ಒಂದು ಚಿಕ್ಕ ಸರಪಳಿಯನ್ನು ಬಿಡಿಸಿಕೊಡುತ್ತದೆ. ಇದಕ್ಕೆ ಆಂಜಿಯೊಟೆನ್ಸಿನ್-೧ ಎಂದು ಹೆಸರು. ಅಮೆರಿಕದ ಇರ್ವಿನ್ ಪೇಜ್ ಅವರ ಗುಂಪೂ ಅರ್ಜೆಂಟೀನಾದ ಬ್ರೌನ್-ಮೆನೆಂಡೆಸ್ ಅವರ ಗುಂಪೂ ಈ ಹಾರ್ಮೋನನ್ನು ಏಕಕಾಲದಲ್ಲಿ ಬೇರೆಬೇರೆಯಾಗಿ ಕಂಡುಹಿಡಿದು ಬೇರೆಬೇರೆ ಹೆಸರಿಟ್ಟಿದ್ದವು. ೧೯೫೮ರಲ್ಲಿ ಇಬ್ಬರೂ ಒಪ್ಪಿ, ಎರಡು ಹೆಸರುಗಳನ್ನೂ ಬೆಸೆದು ಆಂಜಿಯೊಟೆನ್ಸಿನ್ ಎಂಬ ಒಂದೇ ಹೆಸರನ್ನು ಮಾಡಿದರು. ಈ ಹತ್ತು ಕೊಂಡಿಗಳಿಂದ ಎರಡನ್ನು ಕಡಿದು ಎಂಟು ಕೊಂಡಿಗಳ ಆಂಜಿಯೊಟೆನ್ಸಿನ್-೨ ಎಂಬುದನ್ನು ಮಾಡುವ ಕಿಣ್ವವೊಂದುಂಟು. ಶ್ವಾಸಕೋಶದ ರಕ್ತನಾಳಗಳಲ್ಲಿ ಅದು ಹೇರಳವಾಗಿದೆ. ಅದನ್ನು ಏಸ್ ಎಂದು ಕರೆಯುತ್ತಾರೆ. ನಾನು ಹೇಳಿದ ಅದುಮುವ ಬೆರಳೆಂದರೆ ಈ ಆಂಜಿಯೊಟೆನ್ಸಿನ್-೨. ಇದು ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಮೂತ್ರಪಿಂಡದ ಮೇಲೆ ಟೊಪ್ಪಿಯಂತೆ ಕುಳಿತಿರುವ ಅಡ್ರೀನಲ್ ಗ್ರಂಥಿಯನ್ನು ಚೋದಿಸಿ ಆಲ್ಡೊಸ್ಟಿರೋನ್ ಎಂಬ ಮತ್ತೊಂದು ಹಾರ್ಮೋನನ್ನು ಹೊರಡಿಸಿ, ಉಪ್ಪು ನೀರುಗಳು ದೇಹದಲ್ಲಿಯೇ ಉಳಿಯುವಂತೆ ಮಾಡುತ್ತದೆ. ಎರಡರಿಂದಲೂ ಒತ್ತಡ ಏರುತ್ತದೆ.

ಗಾಯವಾಗಿ ರಕ್ತ ಸುರಿದಾಗ, ವಾಂತಿಭೇದಿಯಿಂದ ನೀರು ಬತ್ತಿದಾಗ ಈ ವ್ಯವಸ್ಥೆಯೇ ನಮ್ಮ ಪ್ರಾಣವನ್ನು ಉಳಿಸುತ್ತದೆ. ಆದರೆ ಅದೇ ಶಕ್ತಿ ಎಡೆಬಿಡದೆ ದುಡಿಯುತ್ತಿದ್ದರೆ ಹೃದಯ, ಮಿದುಳು, ಮೂತ್ರಪಿಂಡಗಳಿಗೆ ಕೇಡು. ಅದನ್ನು ತಡೆಯುವ ಔಷಧದ ಸುಳಿವು ಸಿಕ್ಕಿದುದು ಬ್ರೆಜಿಲ್ ದೇಶದ ಜರರಾಕ ಎಂಬ ಮಂಡಲಜಾತಿಯ ಹಾವಿನ ವಿಷದಲ್ಲಿ. ಆ ಹಾವು ಕಚ್ಚಿದವರ ರಕ್ತದೊತ್ತಡ ಒಮ್ಮೆಗೇ ಕುಸಿಯುತ್ತಿತ್ತು. ಬ್ರೆಜಿಲಿನ ಸೆರ್ಜಿಯೊ ಫೆರೇರಾ ಅವರು ೧೯೬೫ರಲ್ಲಿ ಆ ವಿಷದ ಒಂದು ಅಂಶವನ್ನು ವಿವರಿಸಿದರು. ಅದು ಏಸ್ ಕಿಣ್ವವನ್ನು ತಡೆಯುತ್ತದೆಂದು ಮುಂದೆ ತಿಳಿದುಬಂದಿತು. ಅದರ ಜಾಡು ಹಿಡಿದು ಅಮೆರಿಕದ ಕುಶ್‌ಮನ್ ಮತ್ತು ಒಂಡೆಟ್ಟಿ ಎಂಬ ವಿಜ್ಞಾನಿಗಳು ಕ್ಯಾಪ್ಟೊಪ್ರಿಲ್ ಎಂಬ ಔಷಧವನ್ನು ರಚಿಸಿದರು. ೧೯೮೧ರಲ್ಲಿ ಅದಕ್ಕೆ ಅಮೆರಿಕದಲ್ಲಿ ಮನ್ನಣೆ ದೊರೆಯಿತು. ಇಂದು ಎನಾಲಾಪ್ರಿಲ್, ರಾಮಿಪ್ರಿಲ್, ಲಿಸಿನೊಪ್ರಿಲ್ ಎಂದು 'ಪ್ರಿಲ್' ಅಕ್ಷರಗಳಿಂದ ಮುಗಿಯುವ ಗುಳಿಗೆಗಳೆಲ್ಲ ಆ ಕುಲದವು. ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ಎಂದು 'ಸಾರ್ಟಾನ್' ಎಂದು ಮುಗಿಯುವವು ಇನ್ನೊಂದು ಕುಲದವು. ಇವು ಹಾರ್ಮೋನಿನ ಉತ್ಪತ್ತಿಯನ್ನು ತಡೆಯುವುದಿಲ್ಲ, ಅದು ರಕ್ತನಾಳಕ್ಕೆ ತಗಲದಂತೆ ಅಡ್ಡ ನಿಲ್ಲುತ್ತವೆ. ನಮ್ಮಲ್ಲಿ ಬಹುಜನರು ಸೇವಿಸುವ ಅಮ್ಲೋಡಿಪಿನ್ ಈ ಎರಡು ಕುಲಗಳಿಗೂ ಸೇರಿದುದಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಇನ್ನು ಸಡಿಲಿಸುವ ಬೆರಳಿನ ಸಂಗತಿ. ೨೦೦೦ದಲ್ಲಿ ಎರಡು ಗುಂಪುಗಳ ವಿಜ್ಞಾನಿಗಳು ಏಸ್ ಕಿಣ್ವದ ಒಡಹುಟ್ಟಿನಂಥ ಮತ್ತೊಂದು ಕಿಣ್ವವನ್ನು ಕಂಡುಹಿಡಿದರು. ಇದಕ್ಕೆ ಏಸ್-೨ ಎಂದು ಹೆಸರಾಯಿತು. ಹೆಸರಿನಲ್ಲಿ ಹೋಲಿಕೆಯಿದ್ದರೂ ಕೆಲಸದಲ್ಲಿ ಇದು ಅಣ್ಣನಿಗೆ ವಿರುದ್ಧವಾದ ತಮ್ಮ. ನಾಳಗಳನ್ನು ಬಿಗಿಯುವ ಆಂಜಿಯೊಟೆನ್ಸಿನ್-೨ನ್ನು ಹಿಡಿದು, ಅದರ ಒಂದು ಕೊಂಡಿ ಕಳಚಿ, ನಾಳಗಳನ್ನು ಸಡಿಲಿಸುವ ಏಳು ಕೊಂಡಿಗಳ ವಸ್ತುವನ್ನಾಗಿ ಮಾಡುತ್ತದೆ. 'ಪ್ರಿಲ್' ಗುಳಿಗೆಗಳು ಏಸ್ ಕಿಣ್ವವನ್ನು ತಡೆಯುತ್ತವೆಯೇ ಹೊರತು ಈ ಏಸ್-೨ನ್ನು ತಡೆಯುವುದಿಲ್ಲ.

೨೦೦೩ರಲ್ಲಿ, ಸಾರ್ಸ್ ಎಂಬ ರೋಗವು ಹಲವು ದೇಶಗಳನ್ನು ನಡುಗಿಸಿದ ವರ್ಷದಲ್ಲಿಯೇ, ಆ ರೋಗದ ಕೊರೋನಾ ವೈರಸ್ಸು ನಮ್ಮ ಜೀವಕೋಶಗಳನ್ನು ಹೊಗಲು ಹಿಡಿಯುವ ಬಾಗಿಲ ಚಿಲಕ ಈ ಏಸ್-೨ ಎಂದು ತಿಳಿದುಬಂದಿತು. ೨೦೨೦ರ ಆರಂಭದಲ್ಲಿ, ಚೀನದ ವುಹಾನಿನಲ್ಲಿ ಕಾಣಿಸಿಕೊಂಡ ಹೊಸ ಕೊರೋನಾ ವೈರಸ್ಸು ಕೂಡ ಅದೇ ಚಿಲಕವನ್ನು ಹಿಡಿದು ಒಳಹೊಗುತ್ತದೆಂದು ಸಿದ್ಧವಾಯಿತು. ರಕ್ತದೊತ್ತಡವನ್ನು ಕಾಯುವ ಮನೆಯಾಳೇ ಶತ್ರುವಿಗೆ ಬಾಗಿಲಾದಂತಾಯಿತು.

ಸಂಶಯ ಹುಟ್ಟಿದುದು ಇಲ್ಲಿಯೇ. ಮೂರು ಸಂಗತಿಗಳನ್ನು ಜನ ಒಟ್ಟಿಗೆ ಪೋಣಿಸಿದರು. ವೈರಸ್ಸು ಏಸ್-೨ರ ಮೂಲಕ ಒಳಗೆ ಬರುತ್ತದೆ ಎಂಬುದು ಒಂದು. ಇಲಿಗಳಿಗೆ ಈ ಗುಳಿಗೆಗಳ ಔಷಧವನ್ನು ಕೊಟ್ಟಾಗ ಅವುಗಳ ಹೃದಯದಲ್ಲಿ ಏಸ್-೨ ಹೆಚ್ಚಿದುದು ಕೆಲವು ಪ್ರಯೋಗಗಳಲ್ಲಿ ಕಂಡಿತ್ತು ಎಂಬುದು ಎರಡು. ಕೊರೋನಾದಿಂದ ಕಷ್ಟಕ್ಕೆ ಸಿಕ್ಕಿದವರಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿರುವವರು ಬಹಳವಾಗಿದ್ದರು ಎಂಬುದು ಮೂರು. ಹಾಗಾದರೆ ಗುಳಿಗೆ ನುಂಗುವವನು ವೈರಸ್ಸಿಗೆ ಬಾಗಿಲುಗಳನ್ನು ಹೆಚ್ಚಿಸಿಕೊಟ್ಟಂತಾಗಲಿಲ್ಲವೇ? ೨೦೨೦ರ ಮಾರ್ಚ್ ೧೧ರಂದು ಲ್ಯಾನ್ಸೆಟ್ ಬಳಗದ ಒಂದು ವೈದ್ಯಪತ್ರಿಕೆಯಲ್ಲಿ ಈ ಊಹೆ ಒಂದು ಕಿರುಪತ್ರವಾಗಿ ಅಚ್ಚಾಯಿತು. ಪತ್ರ ಹೇಳಿದುದು ಊಹೆ. ಊರೂರಿಗೆ ಹರಡಿದುದು ತೀರ್ಪು.

ತರ್ಕ ನೇರವಾಗಿದೆಯೆಂದು ತೋರುತ್ತದೆ. ಆದರೆ ಅಷ್ಟೇ ನೇರವಾದ ಮತ್ತೊಂದು ತರ್ಕ ಅದರ ಎದುರಿಗೆ ನಿಂತಿತ್ತು. ೨೦೦೫ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ಶ್ವಾಸಕೋಶಕ್ಕೆ ಪೆಟ್ಟಾದಾಗ ಏಸ್-೨ ಅದನ್ನು ಕಾಪಾಡುತ್ತದೆಂದೂ ಸಾರ್ಸ್ ವೈರಸ್ಸಿನ ಮುಳ್ಳು ತಗುಲಿದಾಗ ಏಸ್-೨ ಕುಗ್ಗಿಹೋಗುತ್ತದೆಂದೂ ಕಂಡುಬಂದಿತ್ತು. ಏಸ್-೨ ಕುಗ್ಗಿದರೆ ಬಿಗಿಯುವ ಹಾರ್ಮೋನು ತಡೆಯಿಲ್ಲದೆ ಏರಿ ಶ್ವಾಸಕೋಶವನ್ನು ಕೆಡಿಸುತ್ತದೆ. ಹಾಗಿದ್ದರೆ ಆ ಹಾರ್ಮೋನನ್ನು ತಡೆಯುವ ಗುಳಿಗೆಯು ರೋಗಿಗೆ ರಕ್ಷೆಯೇ ಆಗಬೇಕಷ್ಟೆ? ಒಂದೇ ತಿಳಿವಳಿಕೆಯಿಂದ ಹೊರಟ ಎರಡು ದಾರಿಗಳು. ಒಂದು ಗುಳಿಗೆಯನ್ನು ವಿಷವೆಂದಿತು, ಇನ್ನೊಂದು ಅಮೃತವೆಂದಿತು. ಕುರ್ಚಿಯಲ್ಲಿ ಕುಳಿತು ಯೋಚಿಸಿ ಇದನ್ನು ತೀರ್ಮಾನಿಸುವುದು ಯಾವ ಪಂಡಿತನಿಗೂ ಸಾಧ್ಯವಿರಲಿಲ್ಲ. ರೋಗಿಗಳನ್ನು ಕಂಡು, ಎಣಿಸಿ, ತೂಗಿಯೇ ತಿಳಿಯಬೇಕಾಗಿತ್ತು.

ಎಣಿಸುವ ಮುನ್ನ ಏನು ಮಾಡಬೇಕು? ೨೦೨೦ರ ಮಾರ್ಚ್ ೧೩ರಂದು ಯುರೋಪಿನ ಹೃದ್ರೋಗ ತಜ್ಞರ ಸಂಸ್ಥೆಯೂ ೧೭ರಂದು ಅಮೆರಿಕದ ಹೃದ್ರೋಗ ಸಂಸ್ಥೆಗಳೂ ಒಂದೇ ಮಾತನ್ನು ಹೇಳಿದುವು: ಆಧಾರ ಸಾಲದು, ಗುಳಿಗೆಯನ್ನು ನಿಲ್ಲಿಸಬೇಡಿ. ಏಕೆಂದರೆ ಊಹೆಯ ಅಪಾಯ ಒಂದು ಕಡೆಯಾದರೆ ಅರಿತ ಅಪಾಯ ಇನ್ನೊಂದು ಕಡೆ. ಗುಳಿಗೆ ಬಿಟ್ಟವನ ರಕ್ತದೊತ್ತಡ ಮತ್ತೆ ಏರುತ್ತದೆ. ಸೋತ ಹೃದಯವುಳ್ಳವನು ಬಿಟ್ಟರೆ ಉಸಿರಾಟಕ್ಕೇ ತೊಂದರೆಯಾಗಬಹುದು. ಪಾರ್ಶ್ವವಾಯುವಿನ ಭಯವೂ ಉಂಟು. ಇವು ಸಂಶಯಕ್ಕೆಡೆಯಿಲ್ಲದ ಸಂಗತಿಗಳು.

ಎಣಿಕೆಯ ಫಲ ೨೦೨೦ರ ಮೇ ೧ರಂದು ನ್ಯೂ ಇಂಗ್ಲೆಂಡ್ ವೈದ್ಯಪತ್ರಿಕೆಯಲ್ಲಿ ಬೆಳಕು ಕಂಡಿತು. ಇಟಲಿಯ ಲೊಂಬಾರ್ಡಿ ಪ್ರಾಂತದಲ್ಲಿ ಸೋಂಕು ತಗುಲಿದ ೬,೨೭೨ ಜನರನ್ನು, ಅದೇ ವಯಸ್ಸಿನ, ಅದೇ ಊರುಗಳ ೩೦,೭೫೯ ಜನರೊಡನೆ ಹೋಲಿಸಿ ನೋಡಿದರು. ಮೊದಲ ನೋಟಕ್ಕೆ ಸೋಂಕಿತರಲ್ಲಿ ಈ ಗುಳಿಗೆ ಸೇವಿಸುವವರು ಹೆಚ್ಚಾಗಿಯೇ ಕಂಡರು. ಆದರೆ ಅವರಲ್ಲಿ ಹೃದ್ರೋಗಿಗಳೂ ಹೆಚ್ಚಾಗಿದ್ದರು. ಆ ಭೇದವನ್ನು ಲೆಕ್ಕಕ್ಕೆ ತೆಗೆದುಕೊಂಡೊಡನೆ ಗುಳಿಗೆಯ ಮೇಲಿನ ಆರೋಪ ಕರಗಿಹೋಯಿತು. ಕೊಡೆ ಹಿಡಿದವರೇ ಹೆಚ್ಚಾಗಿ ನೆನೆದಿರುತ್ತಾರೆ ಎಂದು ಕಂಡು, ಕೊಡೆಯಿಂದಲೇ ನೆನೆದರೆಂದು ಹೇಳಬಹುದೇ? ಮಳೆಯಲ್ಲಿ ನಡೆದವರು ಅವರು, ಅಷ್ಟೆ. ನ್ಯೂಯಾರ್ಕಿನಲ್ಲಿ ಪರೀಕ್ಷೆಗೊಳಗಾದ ೧೨,೫೯೪ ಜನರ ಲೆಕ್ಕವೂ ಇದನ್ನೇ ಹೇಳಿತು: ಸೋಂಕು ತಗಲುವುದಕ್ಕಾಗಲಿ ಅದು ಉಲ್ಬಣಿಸುವುದಕ್ಕಾಗಲಿ ಗುಳಿಗೆ ಕಾರಣವೆಂದು ಕಾಣಲಿಲ್ಲ. ಅದೇ ದಿನ ಅದೇ ಪತ್ರಿಕೆಯಲ್ಲಿ ಮೂರನೆಯ ಲೇಖನವೊಂದೂ ಬಂದಿತ್ತು. ಅದರ ಮೂಲ ಅಂಕಿಅಂಶಗಳನ್ನು ಪರಿಶೀಲಿಸಲು ಆಗದೆ, ಮುಂದಿನ ತಿಂಗಳು ಅದನ್ನು ಹಿಂತೆಗೆದುಕೊಂಡರು. ವಿಜ್ಞಾನದಲ್ಲಿ ಸುಳ್ಳೂ ಅವಸರವೂ ನುಸುಳುವುದುಂಟು; ಆದರೆ ಅವನ್ನು ಹುಡುಕಿ ಹೊರಹಾಕುವ ಏರ್ಪಾಡೂ ಅಲ್ಲಿಯೇ ಉಂಟು. ಗಾಳಿಮಾತಿಗೆ ಆ ಏರ್ಪಾಡಿಲ್ಲ.

ಇಷ್ಟಕ್ಕೂ ತೃಪ್ತರಾಗದೆ ನಿಜವಾದ ಪರೀಕ್ಷೆಯನ್ನೇ ಮಾಡಿದರು. ಹಾವಿನ ವಿಷದಿಂದ ಔಷಧದ ಸುಳಿವು ಕೊಟ್ಟ ಬ್ರೆಜಿಲಿನಲ್ಲಿಯೇ, ೨೯ ಆಸ್ಪತ್ರೆಗಳಲ್ಲಿ, ಕೊರೋನಾದಿಂದ ದಾಖಲಾದ ೬೫೯ ರೋಗಿಗಳನ್ನು ಆರಿಸಿದರು. ಎಲ್ಲರೂ ಮೊದಲಿನಿಂದ ಈ ಗುಳಿಗೆಗಳನ್ನು ಸೇವಿಸುತ್ತಿದ್ದವರು. ಚೀಟಿ ಎತ್ತಿದಂತೆ ವಿಂಗಡಿಸಿ, ಒಂದು ಗುಂಪಿಗೆ ೩೦ ದಿನ ಗುಳಿಗೆ ನಿಲ್ಲಿಸಿದರು. ಇನ್ನೊಂದು ಗುಂಪಿಗೆ ಮುಂದುವರಿಸಿದರು. ಆ ೩೦ ದಿನಗಳಲ್ಲಿ ರೋಗಿಯು ಬದುಕಿದ್ದು ಆಸ್ಪತ್ರೆಯ ಹೊರಗೆ ಕಳೆದ ದಿನಗಳ ಸರಾಸರಿ, ನಿಲ್ಲಿಸಿದವರಲ್ಲಿ ೨೧.೯, ಮುಂದುವರಿಸಿದವರಲ್ಲಿ ೨೨.೯. ಸತ್ತವರು ನೂರಕ್ಕೆ ೨.೭ ಮತ್ತು ೨.೮. ಎಂದರೆ ನಿಲ್ಲಿಸಿದುದರಿಂದ ಲಾಭವೇನೂ ಆಗಲಿಲ್ಲ. ಏಳು ದೇಶಗಳಲ್ಲಿ ೧೫೨ ರೋಗಿಗಳ ಮೇಲೆ ನಡೆದ ಇಂಥದೇ ಪರೀಕ್ಷೆಯ ಫಲಿತಾಂಶವೂ ಹಾಗೆಯೇ ಬಂದಿತು. ಎರಡೂ ೨೦೨೧ರ ಜನವರಿಯಲ್ಲಿ ಪ್ರಕಟವಾದುವು.

ಹಾಗಾದರೆ ಗುಳಿಗೆ ಅಮೃತವೇ? ಅದೂ ಅಲ್ಲ. ಬಹುಮಟ್ಟಿಗೆ ನಮ್ಮ ಭಾರತದ ಆಸ್ಪತ್ರೆಗಳಲ್ಲಿಯೇ ನಡೆದು ೨೦೨೨ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ೭೮೭ ಕೊರೋನಾ ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಹೊಸದಾಗಿ ಸಾರ್ಟಾನ್ ಕುಲದ ಔಷಧವನ್ನು, ಹೆಚ್ಚಾಗಿ ಟೆಲ್ಮಿಸಾರ್ಟಾನನ್ನು, ಕೊಟ್ಟು ನೋಡಿದರು, ರೋಗ ತಗ್ಗಲಿಲ್ಲ. ೨೦೨೩ರಲ್ಲಿ ಪ್ರಕಟವಾದ ಮತ್ತೊಂದು ದೊಡ್ಡ ಪರೀಕ್ಷೆಯಲ್ಲಿ, ಪ್ರಾಣಾಪಾಯದಲ್ಲಿದ್ದ ರೋಗಿಗಳಿಗೆ ಈ ಔಷಧಗಳನ್ನು ಹೊಸದಾಗಿ ಆರಂಭಿಸಿದಾಗ ಗುಣವಾಗುವುದಿರಲಿ, ಕೆಡುಕಾಗುವ ಸಂಭವವೇ ಹೆಚ್ಚೆಂದು ಕಂಡಿತು. ಆದುದರಿಂದ ಒಟ್ಟು ತೀರ್ಪು ಇಷ್ಟು: ರಕ್ತದೊತ್ತಡಕ್ಕೆಂದು ತೆಗೆದುಕೊಳ್ಳುತ್ತಿದ್ದವರು ಕೊರೋನಾದ ಭಯದಿಂದ ನಿಲ್ಲಿಸಬೇಕಾಗಿಲ್ಲ, ತೆಗೆದುಕೊಳ್ಳದವರು ಕೊರೋನಾಕ್ಕೆ ಮದ್ದೆಂದು ಆರಂಭಿಸಬೇಕಾಗಿಲ್ಲ. ಎರಡು ತರ್ಕಗಳೂ ಸೊಗಸಾಗಿದ್ದುವು. ಎರಡೂ ಪರೀಕ್ಷೆಯಲ್ಲಿ ನಿಲ್ಲಲಿಲ್ಲ.

ಇನ್ನು ನಮ್ಮ ನಾಡಿನ ಮಾತು. ೨೦೨೦ರ ಫೆಬ್ರವರಿ ೩ರಂದು ಭಾರತದ ಮೂರನೆಯ ಕೊರೋನಾ ರೋಗಿ ಕಂಡುಬಂದುದು ನಮ್ಮ ಕಾಸರಗೋಡು ಜಿಲ್ಲೆಯಲ್ಲಿ. ಆ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿ, ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದವರ ದಾರಿ ಕಟ್ಟಿತು. ವಿಷಯ ಕೇರಳದ ಉಚ್ಚ ನ್ಯಾಯಾಲಯಕ್ಕೂ ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಿ, ಏಪ್ರಿಲ್ ಮೊದಲ ವಾರ ಕಳೆಯುವ ಹೊತ್ತಿಗೆ ರೋಗಿಗಳ ಸಂಚಾರಕ್ಕೆ ಒಂದು ವ್ಯವಸ್ಥೆ ಒಪ್ಪಿತವಾಯಿತು. ಆ ದಿನಗಳಲ್ಲಿ ಹೊರಟ ಊಹೆಯನ್ನು ಕುರಿತು, ಪರಿಚಯದ ವೈದ್ಯರು ಗಡಿಯಾಚೆ ಇದ್ದವರು ಯಾರನ್ನು ಕೇಳಬೇಕು? ಔಷಧದ ಚೀಟಿ ಇಂಗ್ಲಿಷಿನಲ್ಲಿ. ಆಸ್ಪತ್ರೆಯ ಮಾತು ಹೆಚ್ಚಾಗಿ ಮಲೆಯಾಳದಲ್ಲಿ. ಮನೆಯ ಅಜ್ಜಿಗೆ ತಿಳಿಯುವ ಭಾಷೆಯಲ್ಲಿ ಬಂದುದು ಭಯ ಮಾತ್ರ. ಭಯ ಕನ್ನಡದಲ್ಲಿ ಬರುವುದಾದರೆ ಅದಕ್ಕೆ ಉತ್ತರವೂ ಕನ್ನಡದಲ್ಲಿಯೇ ಬರಬೇಕು. ಗಡಿನಾಡಿನ ಕನ್ನಡ ಸಂಘಕ್ಕೆ ಇದಕ್ಕಿಂತ ಉಚಿತವಾದ ಕೆಲಸ ಮತ್ತಾವುದು?

ಆ ಉತ್ತರದ ಅಂಗವಾಗಿ ಮನೆಯಲ್ಲಿ ನೆನಪಿಡತಕ್ಕ ಕೆಲವು ಮಾತುಗಳನ್ನು ಹೇಳುತ್ತೇನೆ. ೨೦೨೩ರ ಮೇ ೫ರಂದು ವಿಶ್ವ ಆರೋಗ್ಯ ಸಂಸ್ಥೆಯು ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತಾದರೂ ವೈರಸ್ಸು ಲೋಕವನ್ನು ಬಿಟ್ಟು ಹೋಗಿಲ್ಲ. ರಕ್ತದೊತ್ತಡವಂತೂ ಹೋಗುವುದೇ ಇಲ್ಲ.

ಮೊದಲನೆಯದು, ಜ್ವರ ಬಂದಿತೆಂದು ಗುಳಿಗೆಯನ್ನು ತಾವಾಗಿ ನಿಲ್ಲಿಸಬಾರದು. ಆದರೆ ವಾಂತಿಭೇದಿಯಾಗಿ ನೀರು ಬತ್ತಿದರೆ, ಎದ್ದು ನಿಂತಾಗ ತಲೆ ತಿರುಗಿದರೆ, ಮೂತ್ರ ಕಡಮೆಯಾದರೆ, ಒಡನೆ ವೈದ್ಯರಿಗೆ ತಿಳಿಸಬೇಕು. ಮೂತ್ರಪಿಂಡವನ್ನು ಉಳಿಸಲು ಕೆಲವು ದಿನ ಗುಳಿಗೆ ನಿಲ್ಲಿಸಲು ಅವರೇ ಹೇಳಬಹುದು. ಅದು ಗಾಳಿಮಾತಿನಿಂದ ನಿಲ್ಲಿಸುವುದಲ್ಲ, ಕಾರಣವರಿತು ನಿಲ್ಲಿಸುವುದು. ಮತ್ತೆ ಯಾವಾಗ ಆರಂಭಿಸಬೇಕೆಂದೂ ಅವರನ್ನೇ ಕೇಳಬೇಕು. ಎರಡನೆಯದು, 'ಪ್ರಿಲ್' ಗುಳಿಗೆಗಳಿಂದ ಕೆಲವರಿಗೆ ಒಣಕೆಮ್ಮು ಬರುವುದುಂಟು; ಅದನ್ನು ಸೋಂಕಿನ ಕೆಮ್ಮೆಂದು ಭ್ರಮಿಸುವುದೂ ಸೋಂಕಿನ ಕೆಮ್ಮನ್ನು ಗುಳಿಗೆಯದೆಂದು ಅಲಕ್ಷಿಸುವುದೂ ಆಗಬಹುದು. ಹೊಸ ಕೆಮ್ಮಾದರೆ ತೋರಿಸಿಕೊಳ್ಳುವುದೇ ಲೇಸು. ಮೂರನೆಯದು, ಮೈಕೈ ನೋವಿಗೆಂದು ಅಂಗಡಿಯಿಂದ ತಾವಾಗಿ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದ ಗುಳಿಗೆಗಳು ಈ ಔಷಧಗಳೊಡನೆ ಸೇರಿದಾಗ ಮೂತ್ರಪಿಂಡಕ್ಕೆ ಕೇಡು ಮಾಡಬಹುದು. ನಾಲ್ಕನೆಯದು, ಈ ಎರಡು ಕುಲದ ಔಷಧಗಳು ರಕ್ತದಲ್ಲಿ ಪೊಟಾಸಿಯಂ ಅಂಶವನ್ನು ಏರಿಸಬಲ್ಲುವು. ಬೊಂಡದ ನೀರಿನಲ್ಲಿಯೂ 'ಸೋಡಿಯಂ ಕಡಮೆ' ಎಂದು ಮಾರುವ ಉಪ್ಪಿನಲ್ಲಿಯೂ ಪೊಟಾಸಿಯಂ ವಿಶೇಷವಾಗಿರುತ್ತದೆ. ಜ್ವರ ಬಂದವರಿಗೆ ಬೊಂಡ ಕೊಡುವುದು ನಮ್ಮ ಕಡೆಯ ಪದ್ಧತಿ; ಮೂತ್ರಪಿಂಡದ ದೋಷವುಳ್ಳವರು ಮಾತ್ರ ವೈದ್ಯರನ್ನು ಕೇಳಿಯೇ ಕುಡಿಯಬೇಕು. ಐದನೆಯದು, ಕೊರೋನಾಕ್ಕೆ ಕೊಡುವ ರಿಟೊನಾವಿರ್ ಸೇರಿದ ಔಷಧವು ಅಮ್ಲೋಡಿಪಿನ್ನಿನ ಶಕ್ತಿಯನ್ನು ಹೆಚ್ಚಿಸಿ ಒತ್ತಡವನ್ನು ಅತಿಯಾಗಿ ಇಳಿಸಬಹುದು. ಆದುದರಿಂದ ಸೇವಿಸುತ್ತಿರುವ ಗುಳಿಗೆಗಳ ಹೆಸರುಗಳನ್ನೆಲ್ಲ ವೈದ್ಯರ ಮುಂದಿಡಬೇಕು.

ಕೊನೆಯದಾಗಿ, ಕನ್ನಡ ಶಾಲೆಗಳಲ್ಲಿ ಓದುತ್ತಿರುವ ಮಕ್ಕಳಲ್ಲಿ ಒಂದು ವಿಜ್ಞಾಪನೆ. ಈ ರಾತ್ರಿ ಮನೆಗೆ ಹೋದ ಮೇಲೆ ಅಜ್ಜ ಅಜ್ಜಿಯರ ಗುಳಿಗೆಗಳನ್ನು ಎದುರಿಗಿಟ್ಟುಕೊಂಡು, ಪ್ರತಿಯೊಂದರ ಹೆಸರು, ಪ್ರಮಾಣ, ಏತಕ್ಕೆ, ಯಾವ ಹೊತ್ತಿಗೆ ಎಂಬುದನ್ನು ಕನ್ನಡದಲ್ಲಿ ಒಂದು ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿರಿ. ತಿಳಿಯದಿದ್ದುದನ್ನು ವೈದ್ಯರಲ್ಲಿ ಕೇಳಿ ತುಂಬಿಸಿರಿ. ದಾರಿ ಕಟ್ಟಿದ ದಿನವೂ ಗಾಳಿಮಾತು ಬೀಸಿದ ದಿನವೂ ಆ ಕಾಗದ ಉಪಯೋಗಕ್ಕೆ ಬರುತ್ತದೆ. ವೈದ್ಯರು ಗಡಿಯ ಯಾವ ಕಡೆಯವರಾದರೂ ಅದನ್ನು ಓದಿ ಹೇಳುವವರೊಬ್ಬರು ಮನೆಯಲ್ಲಿದ್ದರೆ ಸಾಕು.